ನಿಷೇಧಿತ ನಗರ: ಮಾಡು (ಛಾವಣಿ) ನೋಡಿ ಕಟ್ಟಡದ ದರ್ಜೆ ಹೇಳುವುದು ಹೇಗೆ

ಬೀಜಿಂಗ್‌ನ ನಿಷೇಧಿತ ನಗರದಲ್ಲಿ ಮೂರನೇ ಅಂಗಳಕ್ಕೆ ಬರುವಷ್ಟರಲ್ಲಿ ಹೆಚ್ಚಿನವರಿಗೆ ಎಲ್ಲ ಕಟ್ಟಡಗಳೂ ಒಂದೇ ಥರ ಕಾಣತೊಡಗುತ್ತವೆ: ಅದೇ ಕೆಂಪು ಗೋಡೆ, ಅದೇ ಹಳದಿ ಹೆಂಚು. ಮಿಂಗ್ ದೊರೆ ಯೊಂಗ್‌ಲೆ 1406ರಿಂದ 1420ರ ನಡುವೆ ಕಟ್ಟಿಸಿದ ಈ ಅರಮನೆಯಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂಬುದು ಮಾಡಿನಲ್ಲೇ ಗೊತ್ತಾಗುತ್ತದೆ. ಎಣಿಸಲು ಕಲಿತರೆ ಸಾಕು.

ಮೊದಲು ಟಿಕೆಟ್. ಗೇಟಿನಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ. ಪಾಸ್‌ಪೋರ್ಟ್ ನಂಬರ್ ಕೊಟ್ಟು ಆನ್‌ಲೈನ್‌ನಲ್ಲಿ ಮುಂಚಿತವಾಗಿ ಬುಕ್ ಮಾಡಿ, ಅದೇ ಪಾಸ್‌ಪೋರ್ಟ್ ಒಯ್ಯಿರಿ. ಹಬ್ಬ, ಸರಕಾರಿ ರಜೆ ಬಿಟ್ಟರೆ ಸೋಮವಾರ ಬಾಗಿಲು ಹಾಕಿರುತ್ತದೆ. ಒಳಗೆ ಹೋಗುವುದು ದಕ್ಷಿಣದ ವೂಮೆನ್ ದ್ವಾರದಿಂದ. ಸಣ್ಣ ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಜೂಮ್ ನಡೆಯುತ್ತದೆ.

ಮಾಡಿನ ಆಕಾರದಿಂದ ಶುರು ಮಾಡಿ. ನಾಲ್ಕೂ ಕಡೆ ಇಳಿಜಾರಿದ್ದು ಸೂರು ಎರಡು ಅಂತಸ್ತಿನಲ್ಲಿದ್ದರೆ ಅದೇ ಅತ್ಯುನ್ನತ ದರ್ಜೆ. ಅರಮನೆಯ ಮುಖ್ಯ ಸಭಾಮಂದಿರ ತೈಹೆಯದು ಹಾಗಿದೆ. ಇಕ್ಕೆಲಗಳಲ್ಲಿ ಮೇಲುಗಡೆ ತ್ರಿಕೋನದ ಗೋಡೆ ಕಂಡರೆ ಒಂದು ಮೆಟ್ಟಿಲು ಕೆಳಗೆ. ಅದಕ್ಕೆ ತೈಹೆಯ ಹಿಂದಿರುವ ಬಾವ್‌ಹೆ ಮಂದಿರ ನೋಡಿ.

ಆಮೇಲೆ ಮಾಡಿನ ಮೂಲೆಯಲ್ಲಿ ಎರಡು ಇಳಿಜಾರು ಕೂಡುವ ಏಣಿನ ಮೇಲೆ ಕೂತ ಬೊಂಬೆಗಳು. ಲೆಕ್ಕ ತಪ್ಪುವುದು ಇಲ್ಲೇ. ತುತ್ತತುದಿಯಲ್ಲಿ ಹಕ್ಕಿಯ ಮೇಲೆ ಕೂತ ಸವಾರನಿದ್ದಾನೆ, ಅವನನ್ನು ಎಣಿಸಬಾರದು. ಸಾಲಿನ ಹಿಂದೆ ಕೊಂಬಿರುವ ದೊಡ್ಡ ತಲೆಯೊಂದಿದೆ, ಅದನ್ನೂ ಬಿಡಿ. ನಡುವಿನ ಪುಟ್ಟ ಪ್ರಾಣಿಗಳಷ್ಟೇ ಲೆಕ್ಕಕ್ಕೆ. ತೈಹೆಯಲ್ಲಿ 10, ಚಕ್ರವರ್ತಿಯ ವಾಸದ ಚಿಯೆನ್‌ಚಿಂಗ್ ಅರಮನೆಯಲ್ಲಿ 9, ಪಟ್ಟದ ರಾಣಿಯ ಕುನ್‌ನಿಂಗ್‌ನಲ್ಲಿ 7, ರಾಣಿವಾಸದ ಮನೆಗಳಲ್ಲಿ 5. ಬೆಸ ಸಂಖ್ಯೆ ವಾಡಿಕೆ. ತೈಹೆಯ ಹತ್ತನೆಯದು, ರೆಕ್ಕೆಯುಳ್ಳ ಮಂಗನ ಮುಖದ ಪ್ರಾಣಿ, ಆ ವಾಡಿಕೆ ಮೀರಿ ಆ ಮಂದಿರವೊಂದಕ್ಕೇ ಸಂದ ಗೌರವ. ಇವು ಬರೀ ಅಲಂಕಾರವೂ ಅಲ್ಲ: ಇಳಿಜಾರಿನಲ್ಲಿ ಹೆಂಚು ಜಾರದಂತೆ ಹೊಡೆದ ಮೊಳೆಗಳಿಗೆ ನೀರು ತಾಗದಂತೆ ಇಟ್ಟ ಮುಚ್ಚಳಗಳಿವು. ಸೂರಿನ ಕೆಳಗೆ ನಿಂತರೆ ಬೊಂಬೆಗಳು ಮರೆಯಾಗುತ್ತವೆ. ಅಂಗಳಕ್ಕೆ ಇಳಿದು, ಕಟ್ಟಡದ ಮೂಲೆಗೆ ಓರೆಯಾಗಿ ದೂರದಲ್ಲಿ ನಿಲ್ಲಿ.

ಮೂರನೆಯದು ಅಂಕಣ. ಕಂಬಗಳನ್ನಲ್ಲ, ಕಂಬಗಳ ನಡುವಿನ ಜಾಗವನ್ನು ಎಣಿಸಬೇಕು. ತೈಹೆಯ ಮುಂಭಾಗದಲ್ಲಿ 12 ಕಂಬ, ಹಾಗಾಗಿ 11 ಅಂಕಣ, ಆಳಕ್ಕೆ 5. ಭಾರ ಹೊರುವುದು ಮರದ ಈ ಚೌಕಟ್ಟೇ, ಗೋಡೆಗೆ ಆ ಕೆಲಸವಿಲ್ಲ. ಕಂಬದ ತಲೆಗೂ ಸೂರಿಗೂ ನಡುವೆ ಒಂದರೊಳಗೊಂದು ಕೂಡಿಸಿದ ಬೋದಿಗೆಗಳ ಗೊಂಚಲಿದೆ, ಚೀನೀ ಭಾಷೆಯಲ್ಲಿ ದೌಗೊಂಗ್. ಅವು ಮೊಳೆಯಿಂದಲ್ಲ, ಕಚ್ಚಿನಿಂದ ಹಿಡಿದುಕೊಂಡಿರುವುದರಿಂದ ಭೂಕಂಪದಲ್ಲಿ ಮುರಿಯುವ ಬದಲು ಅಲುಗಾಡಿ ಸುಧಾರಿಸಿಕೊಳ್ಳುತ್ತವೆ. ಬೆಂಕಿಗೆ ಮಾತ್ರ ಮದ್ದಿಲ್ಲ. 1421ರಲ್ಲಿ, ಕಟ್ಟಿ ಮುಗಿದ ಕೆಲವೇ ತಿಂಗಳಿಗೆ, ಸಿಡಿಲಿಗೆ ಮುಖ್ಯ ಮಂದಿರಗಳು ಸುಟ್ಟುಹೋದವು. ಈಗಿರುವ ತೈಹೆ 1690ರ ದಶಕದ ಮರುನಿರ್ಮಾಣ. ಅಂಗಳಗಳಲ್ಲಿರುವ ಲೋಹದ ಭಾರೀ ಕೊಪ್ಪರಿಗೆಗಳು ಬೆಂಕಿ ಆರಿಸುವ ನೀರಿಗೆಂದೇ ಇಟ್ಟವು; ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂದು ಕೆಳಗೆ ಕೆಂಡ ಇಡುತ್ತಿದ್ದರು.

ಬಣ್ಣದ ಮಾತು ಚಿಕ್ಕದು: ಹಳದಿ ಚಕ್ರವರ್ತಿಗೆ, ಹಸಿರು ರಾಜಕುಮಾರರ ವಸತಿಗೆ. ವೆನ್‌ಯುವಾನ್ ಗ್ರಂಥಾಲಯಕ್ಕೆ ಕಪ್ಪು ಹೆಂಚು. ಚೀನೀ ನಂಬಿಕೆಯಲ್ಲಿ ಕಪ್ಪು ಎಂದರೆ ನೀರಿನ ಬಣ್ಣ, ಪುಸ್ತಕಕ್ಕೆ ಬೆಂಕಿ ತಾಗದಿರಲಿ ಎಂದು.

ಬಾವ್‌ಹೆ ಮಂದಿರದ ಹಿಂಬದಿಗೆ ಹೋಗದೆ ಮುಂದೆ ನಡೆಯಬೇಡಿ. ಅಲ್ಲಿನ ಡ್ರ್ಯಾಗನ್ ಕೆತ್ತನೆಯ ಒಂದೇ ಕಲ್ಲು 16 ಮೀಟರಿಗೂ ಉದ್ದ, 200 ಟನ್‌ಗೂ ಹೆಚ್ಚು ಭಾರ. ಇಂಥ ಬಂಡೆಗಳನ್ನು ಚಳಿಗಾಲದಲ್ಲಿ, ದಾರಿಗುಂಟ ಬಾವಿ ತೋಡಿ ನೀರು ಸುರಿದು, ಹೆಪ್ಪುಗಟ್ಟಿದ ಮಂಜಿನ ಮೇಲೆ ಎಳೆದು ತರುತ್ತಿದ್ದರು.

ಹೊರಡುವ ದಾರಿ ಮೊದಲೇ ನಿರ್ಧರಿಸಿ. ಮಾಡುಗಳನ್ನೆಲ್ಲ ಒಟ್ಟಿಗೆ ನೋಡಬೇಕಿದ್ದರೆ ಉತ್ತರದ ಶೆನ್‌ವುಮೆನ್‌ನಿಂದ ಹೊರಬಿದ್ದು ಎದುರಿನ ಜಿಂಗ್‌ಶಾನ್ ಗುಡ್ಡ ಹತ್ತಿ.  ಪೂರ್ವದ ದೊಂಗ್‌ಹುವಾಮೆನ್‌ನಿಂದ ಹೊರಟರೆ ಬಾಗಿಲಿನ ಗುಬ್ಬಿಗಳನ್ನು (ಕದದ ಮೇಲೆ ಉಬ್ಬಿಕೊಂಡಿರುವ ಮೊಳೆತಲೆಗಳನ್ನು) ಎಣಿಸಿ. ಉಳಿದ ಮಹಾದ್ವಾರಗಳಲ್ಲಿ ಪ್ರತಿ ಕದಕ್ಕೆ 9 ಸಾಲಿನಂತೆ 81, ಇಲ್ಲಿ 72 ಮಾತ್ರ. ಗೈಡ್‌ಗಳು ಇದಕ್ಕೆ ಬಗೆಬಗೆಯ ಕಾರಣ ಕೊಡುತ್ತಾರೆ. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.