ನಮ್ಮ ಡಾಜ್‌ಗೆ ಸ್ಟೆಪ್ನಿ ಕೂರಿಸಿದ ಕಥೆ

ನಮ್ಮ ಹಳೇ ಮಿಲಿಟರಿ ಡಾಜ್ ನೋಡಿದವರೆಲ್ಲ ಮೊದಲು ಕೇಳೋದು ಮೈಲೇಜ್ ಎಷ್ಟು ಅಂತ. ಅದನ್ನು ಹೇಳೋಕೆ ನನಗೇ ನಾಚಿಕೆ. ಎರಡನೇ ಪ್ರಶ್ನೆ, ಸ್ಟೆಪ್ನಿ ಎಲ್ಲಿ? ಬಹಳ ದಿನ ಅದಕ್ಕೂ ನನ್ನ ಹತ್ತಿರ ನೆಟ್ಟಗೆ ಉತ್ತರ ಇರಲಿಲ್ಲ. ಹಿಂದಿನ ಬಾಡಿಯಲ್ಲಿ ಮಲಗಿಸಿ ಹಗ್ಗ ಬಿಗಿಯುತ್ತಿದ್ದೆ. ಅರ್ಧ ಜಾಗ ಅದಕ್ಕೇ ಹೋಗುತ್ತಿತ್ತು, ಗೊಬ್ಬರದ ಮೂಟೆ ಅದರ ಮೇಲೆ.

ಗಾಡಿ ಡಬ್ಲ್ಯೂಸಿ-51, ಎರಡನೇ ಮಹಾಯುದ್ಧದ ಕಾಲದ ಮುಕ್ಕಾಲು ಟನ್ ಲಾರಿ. 1942ರಿಂದ 1945ರವರೆಗೆ ತಯಾರಾದ ಮಾಡೆಲ್, ಸ್ಟೀರಿಂಗ್ ಎಡಗಡೆ. ಇದರ ಸ್ಟೆಪ್ನಿಯ ಮೂಲ ಜಾಗ ಡ್ರೈವರ್ ಪಕ್ಕದಲ್ಲೇ, ಹತ್ತಿ ಇಳಿಯೋ ಜಾಗಕ್ಕೆ ಅಡ್ಡವಾಗಿ. ಡ್ರೈವರ್ ಇನ್ನೊಂದು ಕಡೆಯಿಂದ ಹತ್ತಬೇಕು! ನಮ್ಮ ಗಾಡಿಯಲ್ಲಿ ಆ ಬ್ರಾಕೆಟ್ ಯಾವ ಕಾಲದಲ್ಲೋ ಯಾರೋ ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ದಾರೆ. ಅದನ್ನೇ ಮತ್ತೆ ಮಾಡಿಸೋಣ ಅಂದುಕೊಂಡು ಕೈಬಿಟ್ಟೆ. ತೋಟದ ದಾರಿಯಲ್ಲಿ ಎರಡೂ ಕಡೆ ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಉಜ್ಜುತ್ತೆ, ಮಳೆಗಾಲದಲ್ಲಿ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದರೆ ನನಗೆ ಥಟ್ಟನೆ ಇಳಿಯೋಕೆ ದಾರಿ ಬೇಕಲ್ವಾ.

ಮೊದಲ ಸಲ ಸೋಮಾರಿ ಕೆಲಸ ಮಾಡಿದೆ. ಬಾಡಿಯ ಮುಂದಿನ ತಗಡಿಗೆ ಒಂದು ದಪ್ಪ ಪ್ಲೇಟ್ ಕೂರಿಸಿ, ಮೂರು ಬೋಲ್ಟ್ ಹಾಕಿ, ಟೈರನ್ನು ಅದಕ್ಕೆ ಬಿಗಿದೆ. ನೋಡೋಕೆ ಚೆನ್ನಾಗಿತ್ತು. ಎರಡು ತಿಂಗಳಾದ ಮೇಲೆ, ಜುಲೈ ಮಳೆಯಲ್ಲಿ ಸಿದ್ದಾಪುರದಿಂದ ವಾಪಸ್ ಬರುವಾಗ ಹಿಂದಿನಿಂದ ಟಕ್ ಟಕ್ ಅಂತ ಸದ್ದು. ಇಳಿದು ನೋಡಿದರೆ ಮೇಲಿನ ಬೋಲ್ಟಿನ ತೂತಿನಿಂದ ಕೂದಲೆಳೆಯಂಥ ಬಿರುಕು ಶುರುವಾಗಿ ತಗಡಿನ ಅಂಚಿನ ತನಕ ಓಡಿದೆ. ಅದರೊಳಗಿಂದ ತುಕ್ಕಿನ ಕೆಂಪು ನೀರು ಜಿನುಗುತ್ತಿತ್ತು. ಒಂದು ನಟ್ ಆಗಲೇ ದಾರಿಯಲ್ಲಿ ಬಿದ್ದಿತ್ತು.

ವೆಲ್ಡಿಂಗ್ ಮಾಡುವ ಕಾಕನ ಹತ್ತಿರ ತಗೊಂಡು ಹೋದೆ. ಅವರು ಬೀಡಿ ಬಾಯಲ್ಲಿಟ್ಟುಕೊಂಡೇ ಒಂದು ಸುತ್ತು ಹಾಕಿ, “ಅಲ್ಲಾ ಅಣ್ಣಾ, ಟೈರನ್ನು ಗೋಡೆಗೆ ನೇತು ಹಾಕಿದ್ದೀರಲ್ಲ, ಅದೇನು ಕ್ಯಾಲೆಂಡರಾ?” ಅಂದರು. ಮಾತು ನಾಟಿತು. ಮನೆಗೆ ಬಂದು ಕಾಫಿ ತೂಗುವ ತಕ್ಕಡಿ ಮೇಲೆ ಇಟ್ಟು ನೋಡಿದೆ. 9.00-16 ಟೈರು, ರಿಮ್ ಸೇರಿ 60 ಕೆಜಿ ದಾಟಿತು. ಒಂದು ಕಾಫಿ ಚೆರ್ರಿ ಮೂಟೆಗಿಂತ ಜಾಸ್ತಿ. ಅದು ಗುಂಡಿ ಗುಂಡಿಗೂ ಕುಣಿಯುತ್ತೆ ಬೇರೆ.

ಎರಡನೇ ಸಲ ಭಾರ ಹೊರೋದು ಒಂದು, ಹಿಡಿಯೋದು ಒಂದು ಅಂತ ಬೇರೆ ಮಾಡಿದೆವು. ಬಾಡಿಯ ಎಡಗಡೆ ಮುಂದಿನ ಮೂಲೆಯಲ್ಲಿ ಮೂರು ಇಂಚಿನ ಸಿ ಚಾನೆಲ್‌ನ ಎರಡು ಕಾಲು ನಿಲ್ಲಿಸಿದೆವು. ಸುಮ್ನೆ ತಗಡಿನ ಮೇಲಲ್ಲ, ಕೆಳಗೆ ಅಡ್ಡ ಪಟ್ಟಿ ಹಾದುಹೋಗುವ ಜಾಗ ಹುಡುಕಿ, ಅಡಿಯಿಂದ 6 ಎಂಎಂ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿದ್ದು. ಚಾಸಿಗೆ ವೆಲ್ಡಿಂಗ್ ಬೇಡವೇ ಬೇಡ ಅಂತ ಇಬ್ಬರೂ ಒಪ್ಪಿದ್ದೆವು. ಕಾಲುಗಳ ನಡುವೆ ಕಬ್ಬಿಣದ ಆಂಗಲ್ ಪಟ್ಟಿ ಬಗ್ಗಿಸಿ ತೊಟ್ಟಿಲಿನಂಥ ಒಂದು ಪೀಠ, ಅದರ ಮೇಲೆ ಹಳೇ ಟೈರಿನ ತುಂಡು. ಟೈರು ಅದರಲ್ಲಿ ಕೂರುತ್ತೆ. ಇಡೀ ಸ್ಟ್ಯಾಂಡ್ ಸ್ವಲ್ಪ ಗಾಡಿಯ ಮುಂದಿನ ಕಡೆಗೆ ವಾಲಿದೆ, ಹಾಗಾಗಿ ನಟ್ ಬಿಚ್ಚಿದ ತಕ್ಷಣ ಟೈರು ನಮ್ಮ ಮೇಲೆ ಬೀಳಲ್ಲ.

ಇನ್ನು ಹಿಡಿಯೋ ಕೆಲಸ ಸ್ಟಡ್ ಪ್ಲೇಟಿನದು, ಅಂದರೆ ರಿಮ್ಮಿನ ತೂತಿಗೆ ತೂರುವ ಬೋಲ್ಟ್‌ಗಳಿರುವ ಪ್ಲೇಟ್. ಅದಕ್ಕೆ ಅಳತೆ ತೆಗೆದದ್ದು ಪಂಪ್‌ಸೆಟ್ ಬಂದ ರಟ್ಟಿನ ಡಬ್ಬದಲ್ಲಿ. ರಟ್ಟನ್ನು ರಿಮ್ ಮೇಲಿಟ್ಟು ಮಸಿ ಕೈಯಲ್ಲಿ ಒತ್ತಿ ಉಜ್ಜಿದರೆ ತೂತುಗಳ ಗುರುತು ತಾನಾಗೇ ಬರುತ್ತೆ. ಐದು ತೂತಿನಲ್ಲಿ ಮೂರು ಸಾಕು. ಪ್ಲೇಟನ್ನು ಚಾನೆಲ್‌ಗೆ ಹಿಡಿಸುವ ತೂತುಗಳನ್ನು ಮಾತ್ರ ಮೇಲೆ ಕೆಳಗೆ ಉದ್ದ ಕೊರೆದೆವು. ಯಾಕೆಂದರೆ ಸವೆದ ಟೈರು ಗಿಡ್ಡ, ಹೊಸದು ಎತ್ತರ. ಮೊದಲು ಟೈರು ಪೀಠದಲ್ಲಿ ಪೂರ್ತಿ ಕೂರಬೇಕು, ಆಮೇಲೆ ಪ್ಲೇಟ್ ಬಿಗಿಯಬೇಕು. ಉಲ್ಟಾ ಮಾಡಿದರೆ ಮತ್ತೆ ಅದೇ ಕ್ಯಾಲೆಂಡರ್.

ಒಂದು ವಿಷಯದಲ್ಲಿ ಮಾತ್ರ ಆಟ ಬೇಡ. ಇದರ ಕಾಂಬ್ಯಾಟ್ ರಿಮ್ ಎರಡು ತುಂಡಿನದ್ದು, ಸುತ್ತ ನಟ್ ಹಾಕಿ ಜೋಡಿಸಿರುತ್ತೆ. ಗಾಳಿ ಇರುವಾಗ ಆ ನಟ್ ಸಡಿಲ ಮಾಡಿದರೆ ರಿಮ್ ಸಿಡಿದು ಜೀವವೇ ಹೋಗಬಹುದು. ನಾನು ಆ ನಟ್‌ಗಳಿಗೆಲ್ಲ ಕೆಂಪು ಪೇಂಟ್ ಬಳಿದಿದ್ದೇನೆ.

ಸ್ಟ್ಯಾಂಡಿನ ಸ್ಟಡ್‌ಗೆ ಮಾಮೂಲಿ ತ್ರೆಡ್ಡೇ ಹಾಕಿಸಿದೆ. ಗಾಡಿಯ ಎಡಗಡೆ ಚಕ್ರಗಳದ್ದು ಉಲ್ಟಾ ತ್ರೆಡ್. ನನ್ನ ಅಕ್ಕನ ಮಗ ಅದು ಗೊತ್ತಿಲ್ಲದೆ ಪೈಪ್ ಹಾಕಿ ಎಳೆದು ಒಂದು ಸ್ಟಡ್ ಮುರಿದೇ ಬಿಟ್ಟಿದ್ದ. ಪಾಪ, ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿಯುತ್ತಿದ್ದ.

ಎತ್ತಿ ಕೂರಿಸೋಕೆ ಚೈನ್ ಬ್ಲಾಕ್ ಬೇಕಾಯಿತು, ಹಲಸಿನ ಕೊಂಬೆಗೆ ಕಟ್ಟಿದೆವು. ಸಿಲ್ವರ್ ಓಕ್ ಹತ್ತಿರವೇ ಇತ್ತು, ಆದರೆ ಆ ಕೊಂಬೆ ನಂಬೋ ಹಾಗಿಲ್ಲ. ಆಮೇಲೆ ರೆಡ್ ಆಕ್ಸೈಡ್ ಎರಡು ಕೋಟ್, ಚಾನೆಲ್ ಬುಡದಲ್ಲಿ ನೀರು ಇಳಿಯೋಕೆ ತೂತು.

ಒಂದು ಮಳೆಗಾಲ ಪೂರ್ತಿ ಕಳೆಯಿತು, ಬಿರುಕು ಬಿಟ್ಟಿಲ್ಲ. ಸೆಪ್ಟೆಂಬರ್‌ನಲ್ಲಿ ಎಲ್ಲ ನಟ್‌ಗೂ ಸ್ಪ್ಯಾನರ್ ಹಾಕಿ ನೋಡಿದೆ, ಒಂದು ಮಾತ್ರ ಕಾಲು ಸುತ್ತು ತಗೊಂಡಿತು. ತೊಂದರೆ ಅಂದರೆ, ಎಡಗಡೆ ಹಿಂದಕ್ಕೆ ತಿರುಗಿ ನೋಡಿದರೆ ಈಗ ಟೈರು ಮಾತ್ರ ಕಾಣುತ್ತೆ. ಆ ಬದಿಯ ಮಡಚುವ ಸೀಟನ್ನೂ ಒಂದೂವರೆ ಅಡಿ ಕತ್ತರಿಸಬೇಕಾಯಿತು, ಕರಿಮೆಣಸು ಕುಯ್ಯೋಕೆ ಬರುವ ಹೆಂಗಸರು ಅದಕ್ಕೆ ಇನ್ನೂ ಗೊಣಗುತ್ತಿದ್ದಾರೆ.