ಬೊಲೆರೊ ಬಾನೆಟ್ಟಿಗೆ ಗ್ಯಾಸ್ ಸ್ಟ್ರಟ್: ಮೂರನೆಯ ಜೋಡಿಗೆ ಕೈಗೂಡಿದ ಕೆಲಸ

ನನ್ನ ಹಳೆಯ ಬೊಲೆರೊದ ಬಾನೆಟ್ಟನ್ನು ಅರ್ಧಕ್ಕಿಂತ ತುಸು ಮೇಲಕ್ಕೆ ಎತ್ತಿಕೊಟ್ಟರೆ ಸಾಕು, ಉಳಿದ ದೂರವನ್ನು ಅದು ತಾನೇ ಏರಿ ನಿಲ್ಲುತ್ತದೆ. ಮುಚ್ಚುವಾಗ ಒಂದು ಕೈಯ ಹಗುರ ಒತ್ತಡಕ್ಕೆ ಇಳಿದು ಬರುತ್ತದೆ. ತೀರ್ಥಹಳ್ಳಿಯ ಒಂದು ಮಳೆಗಾಲವನ್ನು ಪೂರ್ತಿ ಕಳೆದ ಮೇಲೂ ಅದರ ನಡವಳಿಕೆ ಬದಲಾಗಿಲ್ಲವಾದ್ದರಿಂದ ಈಗ ಬರೆಯುವ ಧೈರ್ಯ ಮಾಡಿದ್ದೇನೆ. ಕಾರಿನ ಡಿಕ್ಕಿಯ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳನ್ನು, ಅಂದರೆ ಒತ್ತಡದ ಅನಿಲ ತುಂಬಿದ ಸಿಲಿಂಡರಿನಿಂದ ರಾಡೊಂದು ಹೊರಕ್ಕೆ ನೂಕುವ ಸಾಧನಗಳನ್ನು, ಬಾನೆಟ್ಟಿಗೂ ಹಾಕುವ ಮಾತನ್ನು ನಾನು ಮೊದಲು ಎತ್ತಿದಾಗ ಗ್ಯಾರೇಜಿನ ಹಿರಿಯರೊಬ್ಬರು, "ಡಿಕ್ಕಿಗೆ ಹಾಕೋದನ್ನ ಬಾನೆಟ್ಟಿಗೆ ಹಾಕಿದ್ರೆ ತಗಡು ಬಗ್ಗಿ ಹೋಗುತ್ತೆ ಮಾರಾಯ್ರೇ, ಇರೋ ರಾಡ್ ಸಾಕು" ಎಂದಿದ್ದರು. ಬಾನೆಟ್ ಎತ್ತಿ ಊರಿ ನಿಲ್ಲಿಸಲು ಇರುವ ಆ ರಾಡ್ ಗಟ್ಟಿಯಾಗಿಯೇ ಇದೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ದಿನಕ್ಕೆ ನಾಲ್ಕಾರು ಸಲ ಬಾನೆಟ್ ಎತ್ತುವವನಿಗೆ ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಟಾರ್ಚು ಇರುವಾಗ ಮೂರನೆಯ ಕೈ ಎಲ್ಲಿಂದ ತರಬೇಕು ಎಂಬುದೇ ಸಮಸ್ಯೆ.

ಹಿರಿಯರ ಮಾತು ಮೊದಲ ಜೋಡಿಯ ಮಟ್ಟಿಗೆ ಅಕ್ಷರಶಃ ನಿಜವಾಯಿತು. ಶಿವಮೊಗ್ಗದ ಗುಜರಿ ಅಂಗಡಿಯೊಂದರಿಂದ ಯಾವುದೋ ಹ್ಯಾಚ್‌ಬ್ಯಾಕಿನ ಡಿಕ್ಕಿ ಸ್ಟ್ರಟ್‌ಗಳನ್ನು ಸುಮಾರು 300 ರೂಪಾಯಿಗೆ ತಂದಿದ್ದೆ. ಒಂದೊಂದೂ 450 ನ್ಯೂಟನ್, ಅಂದರೆ ಹತ್ತಿರಹತ್ತಿರ 45 ಕಿಲೋ ನೂಕುವಂಥದ್ದು. ಬಾನೆಟ್ ಭರ್ಜರಿಯಾಗಿ ಎದ್ದು ನಿಂತಿತು. ಮುಚ್ಚಿದಾಗ ಲಾಕ್ ಕೂಡ ಬಿತ್ತು. ಆದರೆ ಫೆಂಡರಿಗೂ (ಮುಂಚಕ್ರದ ಮೇಲಿನ ತಗಡು) ಬಾನೆಟ್ಟಿಗೂ ನಡುವಿನ ಸಂದಿಯಲ್ಲಿ ಬೆರಳಾಡಿಸುತ್ತ ಹಿಂದಕ್ಕೆ ಹೋದರೆ, ಸ್ಟ್ರಟ್ ಒತ್ತುವ ಜಾಗದಲ್ಲಿ ಅಂಚು ಮೂರು ನಾಲ್ಕು ಮಿಲಿಮೀಟರ್ ಉಬ್ಬಿ ನಿಂತಿರುವುದು ಸ್ಪಷ್ಟವಾಗಿ ಸಿಗುತ್ತಿತ್ತು. ಮುಂತುದಿಯನ್ನು ಲಾಕ್ ಹಿಡಿದಿದೆ, ಹಿಂದನ್ನು ಹಿಂಜ್ ಹಿಡಿದಿದೆ, ನಡುವೆ ಎರಡು ಸ್ಟ್ರಟ್‌ಗಳು ಹಗಲೂ ರಾತ್ರಿ ನೂಕುತ್ತಿವೆ ಎಂದಾದರೆ ತಗಡು ಬಗ್ಗದೆ ಇನ್ನೇನು ಮಾಡೀತು? ಆ ಉಬ್ಬನ್ನು ಕೂರಿಸಲು, ಬಣ್ಣದ ಸರಿಪಡಿಕೆಯೂ ಸೇರಿ, ಟಿಂಕರಿಂಗಿಗೆ 700ರಷ್ಟು ಕೊಟ್ಟೆ.

ಎರಡನೆಯ ಜೋಡಿ ದೊಡ್ಡ ಸೆಡಾನ್ ಒಂದರ ಬಾನೆಟ್ಟಿನದೇ ಆಗಿತ್ತು. ಅದೂ ಗುಜರಿಯದೇ, ಬೆಲೆ 500ರ ಆಸುಪಾಸು. ಸಿಲಿಂಡರಿನ ಮೇಲೆ 180 ನ್ಯೂಟನ್ ಎಂದು ಅಚ್ಚಾಗಿತ್ತು. ಇದು ಮಾಡಿದ ತಮಾಷೆಯನ್ನು ನೋಡಬೇಕು: ಮಧ್ಯಾಹ್ನ ಓಡಿಸಿ ಬಂದು ಎತ್ತಿದರೆ ಬಂಡೆಯಂತೆ ನಿಲ್ಲುತ್ತಿತ್ತು, ಬೆಳಗಿನ ಚಳಿಗೆ ಎತ್ತಿದರೆ ನಿಧಾನವಾಗಿ ತಲೆಯ ಮೇಲೆ ಇಳಿಯುತ್ತಿತ್ತು. ಒಳಗಿರುವುದು ನೈಟ್ರೋಜನ್ ಅನಿಲ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ನೂಕುಬಲ ಶೇ. 3ಕ್ಕಿಂತ ತುಸು ಹೆಚ್ಚಾಗುತ್ತದೆ. ಬೆಳಗಿನ 20 ಡಿಗ್ರಿಗೂ ಬಿಸಿ ಎಂಜಿನ್ನಿನ ಮೇಲಿನ 55-60 ಡಿಗ್ರಿಗೂ ಇರುವ ಅಂತರದಲ್ಲಿ ಶೇ. 12ರಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಅಂದರೆ ಈ ಜೋಡಿ ಸಾಕಷ್ಟು, ಸಾಲದಷ್ಟು ಎಂಬ ಗೆರೆಯ ಮೇಲೆಯೇ ನಿಂತಿತ್ತು.

ಅದನ್ನು ಖಚಿತಪಡಿಸಿಕೊಳ್ಳಲು ಸ್ನಾನದ ಕೋಣೆಯ ತೂಕದ ಮಷಿನ್ನನ್ನು ವರ್ಕ್‌ಶಾಪಿಗೆ ತಂದೆ. ಮಷಿನ್ನಿನ ಮೇಲೆ ಮರದ ತುಂಡಿಟ್ಟು, ರಾಡಿನ ತುದಿಯನ್ನು ಅದಕ್ಕೆ ಊರಿ, ಸಿಲಿಂಡರನ್ನು ನೇರವಾಗಿ ಕೆಳಕ್ಕೆ ಒತ್ತಿದರೆ ರಾಡ್ ಒಳಸರಿಯಲು ಆರಂಭಿಸುವ ಹೊತ್ತಿಗೆ ಮುಳ್ಳು ಎಲ್ಲಿದೆಯೋ ಅದೇ ಆ ಸ್ಟ್ರಟ್‌ನ ನಿಜವಾದ ಬಲ. 180 ನ್ಯೂಟನ್ನಿನದು 18 ಕಿಲೋ ತೋರಿಸಬೇಕಿತ್ತು, ತೋರಿಸಿದ್ದು ಹದಿನಾಲ್ಕು. ಅಲ್ಲಿಂದೀಚೆಗೆ ನಾನು ಗುಜರಿಗೆ ಹೋಗುವಾಗ ಮಷಿನ್ ಚೀಲದಲ್ಲೇ ಇರುತ್ತದೆ. ಅಂಗಡಿಯವರು ನಗುತ್ತಾರೆ, ನಗಲಿ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಹಾಕುವ ಸಣ್ಣ ಸ್ಟ್ರಟ್‌ಗಳು ಜೋಡಿಗೆ 250 ರೂಪಾಯಿಗೇ ಸಿಗುತ್ತವೆ, ಅವುಗಳಲ್ಲಿ 150 ನ್ಯೂಟನ್ನಿನವೂ ಇವೆ. ಲೆಕ್ಕದ ಪ್ರಕಾರ ಅವು ನಡೆಯಬೇಕಿತ್ತು, ಕೆಲವು ದಿನ ನಡೆದವು ಕೂಡ. ಆದರೆ ಅವುಗಳ ತುದಿಯ ಬಟ್ಟಲು ಪ್ಲಾಸ್ಟಿಕ್ಕಿನದು; ಎಂಜಿನ್ನಿನ ಶಾಖಕ್ಕೂ ಕಚ್ಚಾ ರಸ್ತೆಯ ಕುಲುಕಾಟಕ್ಕೂ ಅದು ಸಡಿಲಗೊಂಡು ಬಾಲ್ ಸ್ಟಡ್‌ನಿಂದ, ಅಂದರೆ ಬಟ್ಟಲು ಕೂರುವ ಗುಂಡುತಲೆಯ ಬೋಲ್ಟಿನಿಂದ, ಕಳಚಿಕೊಂಡಿತು. ಆ ಜೋಡಿ ಈಗ ನನ್ನ ದೊಡ್ಡ ಟೂಲ್ ಪೆಟ್ಟಿಗೆಯ ಮುಚ್ಚಳವನ್ನು ಅಚ್ಚುಕಟ್ಟಾಗಿ ಎತ್ತಿ ಹಿಡಿಯುತ್ತಿದೆ. ಒಂದೇ ಬದಿಗೆ ಒಂದು ಬಲವಾದ ಸ್ಟ್ರಟ್ ಹಾಕಿ ಖರ್ಚು ಉಳಿಸಬಹುದೇ ಎಂದೂ ನೋಡಿದೆ. ಬಾನೆಟ್ ತಿರುಚಿಕೊಂಡು ಎದುರು ಮೂಲೆ ಜೋತುಬಿದ್ದದ್ದನ್ನು ಕಂಡು ಅದೇ ಸಂಜೆ ಬಿಚ್ಚಿಹಾಕಿದೆ.

ಇನ್ನು ನಿಜವಾದ ಲೆಕ್ಕಕ್ಕೆ ಬರುತ್ತೇನೆ. ಬಹಳ ಮಂದಿ ಬಾನೆಟ್ಟಿನ ತೂಕವೆಷ್ಟು ಎಂದು ಕೇಳಿ ಅದಕ್ಕೆ ತಕ್ಕ ಸ್ಟ್ರಟ್ ಕೊಳ್ಳಲು ಹೋಗುತ್ತಾರೆ. ಬಾನೆಟ್ಟನ್ನು ಬಿಚ್ಚಿ ತೂಗುವ ಅಗತ್ಯವೇ ಇಲ್ಲ. ಲಾಕ್ ಬಿಡಿಸಿ, ಮುಂತುದಿಯ ನಡುವಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಪೂರ್ತಿ ಎತ್ತಿದ ಸ್ಥಿತಿಯಲ್ಲಿ ಬಾನೆಟ್ಟಿಗೆ ಲಂಬವಾಗಿ ಎಳೆದು ಹಿಡಿಯಬೇಕು. ನನ್ನದರಲ್ಲಿ ಮುಚ್ಚಿದಾಗ ಸುಮಾರು 8 ಕಿಲೋ, ಪೂರ್ತಿ ತೆರೆದಾಗ 5 ಕಿಲೋ ತೋರಿಸಿತು. ಹಿಂಜ್‌ನಿಂದ ತುದಿಗೆ 105 ಸೆಂಟಿಮೀಟರ್ ಇದ್ದ ನೆನಪು. ತೆರೆದ ಸ್ಥಿತಿಯಲ್ಲಿ ಹಿಂಜ್ ಪಿನ್ನಿನಿಂದ ಸ್ಟ್ರಟ್‌ನ ಗೆರೆಗೆ ಮೂಲೆಮಟ್ಟ ಇಟ್ಟು ಅಳೆದರೆ ಲಂಬ ದೂರ 19 ಸೆಂಟಿಮೀಟರ್. ಐದನ್ನು 105ರಿಂದ ಗುಣಿಸಿ 19ರಿಂದ ಭಾಗಿಸಿದರೆ 28 ಕಿಲೋಗೆ ಹತ್ತಿರ ಬರುತ್ತದೆ, ಅಂದರೆ ಒಂದೊಂದು ಬದಿಗೆ ಹದಿನಾಲ್ಕು. ಎರಡನೆಯ ಜೋಡಿ ಬೆಳಿಗ್ಗೆ ಸೋತು ಮಧ್ಯಾಹ್ನ ಗೆದ್ದದ್ದೇಕೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಚಳಿಗೂ ಸವೆತಕ್ಕೂ ಸೇರಿಸಿ 200 ನ್ಯೂಟನ್ನಿನ ಹೊಸ ಜೋಡಿಯನ್ನೇ ಕೊಂಡೆ. ರಾಡ್ ಪೂರ್ತಿ ಹೊರಚಾಚಿದಾಗ ಉದ್ದ 32-33 ಸೆಂಟಿಮೀಟರ್, ಓಟ (ರಾಡ್ ಒಳಸರಿಯಬಲ್ಲ ದೂರ) 12, ಬೆಲೆ 1,100ರ ಹತ್ತಿರ. ಮುಚ್ಚಿದ ಸ್ಥಿತಿಯಲ್ಲಿ ಸ್ಟ್ರಟ್ ಬಾನೆಟ್ಟಿಗೆ ಬಹುತೇಕ ಸಮಾನಾಂತರವಾಗಿ ಮಲಗಬೇಕು, ಹಿಂಜ್‌ನಿಂದ ಅದರ ಲಂಬ ದೂರ ಮೂರು ಸೆಂಟಿಮೀಟರ್ ಮೀರಬಾರದು. ಆಗ ನೂಕುಬಲದ ಬಹುಪಾಲು ಹಿಂಜ್ ಪಿನ್ನಿಗೆ ಹೋಗುತ್ತದೆಯೇ ಹೊರತು ತಗಡನ್ನು ಎತ್ತಲು ಹೋಗುವುದಿಲ್ಲ, ಬಾನೆಟ್ ತನ್ನ ಭಾರಕ್ಕೇ ತೆಪ್ಪಗೆ ಬಿದ್ದಿರುತ್ತದೆ. ಇದೇ ಕಾರಣಕ್ಕೆ ಹಿಂಜ್‌ನಲ್ಲಿ ಆಟವಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಇಲ್ಲವಾದರೆ ಬಾನೆಟ್ ಜರುಗಿ ಲಾಕ್ ಕೂರುವುದಿಲ್ಲ. ಪೂರ್ತಿ ಮುಚ್ಚಿದಾಗಲೂ ಓಟದಲ್ಲಿ ಅರ್ಧ ಸೆಂಟಿಮೀಟರ್ ಆದರೂ ಬಾಕಿ ಉಳಿಯಬೇಕು. ಉಳಿಯದಿದ್ದರೆ ಸ್ಟ್ರಟ್ ತಳಕ್ಕೆ ಬಡಿದು ಬ್ರ್ಯಾಕೆಟ್ಟನ್ನೇ ಕಿತ್ತು ಬಿಡುತ್ತದೆ.

ಎರಡೂ ತುದಿಗಳಿಗೆ 3 ಮಿಲಿಮೀಟರ್ ಪಟ್ಟಿಯಿಂದ ಬ್ರ್ಯಾಕೆಟ್ ಮಾಡಿಸಿದೆ. ಬಾಲ್ ಸ್ಟಡ್, ವೆಲ್ಡಿಂಗ್ ಎಲ್ಲ ಸೇರಿ 350 ಆಗಿರಬಹುದು. ಮೇಲಿನದನ್ನು ಹಿಂಜ್ ಬೋಲ್ಟಿನಡಿ, ಕೆಳಗಿನದನ್ನು ಫೆಂಡರ್ ಬೋಲ್ಟುಗಳಡಿ ಕೂರಿಸಿದ್ದರಿಂದ ಬಾಡಿಗೆ ಒಂದು ತೂತನ್ನೂ ಕೊರೆಯಲಿಲ್ಲ. ಕೆಳಗಿನ ಗುಂಡು ಹಿಂಜ್‌ನಿಂದ ಎಷ್ಟು ಮುಂದೆ, ಎಷ್ಟು ಕೆಳಗೆ ಇರಬೇಕೆಂಬ ಅಳತೆಯನ್ನು ಮಾತ್ರ ನಾನು ಇಲ್ಲಿ ಕೊಡುವುದಿಲ್ಲ. ಅದನ್ನು ಪಡೆಯಲು ಪ್ಲೈವುಡ್ ಪಟ್ಟಿಗಳೊಂದಿಗೆ ವಾರಗಟ್ಟಲೆ ಗುದ್ದಾಡಿದ್ದೇನೆ, ಈಗ ಬೇರೆಯವರ ಗಾಡಿಗಳಿಗೂ ಹಾಕಿಕೊಡುತ್ತಿರುವುದರಿಂದ ಅದು ನನ್ನ ಹೊಟ್ಟೆಪಾಡಿನ ಗುಟ್ಟು. ಲಂಬ ದೂರಗಳನ್ನು ಹೇಳಿದ್ದೇನಲ್ಲ, ಕೈಪಳಗಿದವರಿಗೆ ಅಷ್ಟು ಸಾಕು. ಬ್ಯಾಟರಿ ಇರುವ ಬದಿಯಲ್ಲಿ ಪಾಸಿಟಿವ್ ಟರ್ಮಿನಲ್ಲಿಗೆ ರಬ್ಬರ್ ಟೋಪಿ ಇರಲೇಬೇಕು. ಸಿಲಿಂಡರ್ ಬಾನೆಟ್ಟಿನ ಕಡೆಗೂ ರಾಡ್ ಫೆಂಡರಿನ ಕಡೆಗೂ ಇದ್ದರೆ ಒಳಗಿನ ಎಣ್ಣೆ ರಾಡ್ ಹೊರಬರುವ ಬಾಯಿಯ ಸೀಲಿನ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ಲಾಕಿನ ಎರಡನೆಯ ಕೊಕ್ಕೆ ಸರಿಯಾಗಿ ಹಿಡಿಯುತ್ತಿದೆಯೇ ಎಂಬುದನ್ನು ನೋಡದೆ ಗಾಡಿಯನ್ನು ರಸ್ತೆಗಿಳಿಸುವುದು ಬೇಡ. ಮೊದಲ ಜೋಡಿಯ ಬಲ ಕಡಿಮೆ ಮಾಡಲು ಸಣ್ಣ ತೂತು ಕೊರೆಯಬಹುದೆಂದು ಒಬ್ಬರು ಸಲಹೆ ಕೊಟ್ಟಿದ್ದರು. ಒಳಗಿನ ಒತ್ತಡವನ್ನು ಬಲ್ಲ ಯಾರೂ ಆ ಕೆಲಸಕ್ಕೆ ಕೈಹಾಕುವುದಿಲ್ಲ.

ಒಟ್ಟು ಖರ್ಚು 3,200ರಷ್ಟಾಯಿತು, ಆದರೆ ಬೇಕಾದದ್ದನ್ನಷ್ಟೇ ಲೆಕ್ಕ ಹಾಕಿದರೆ 1,500 ದಾಟುವುದಿಲ್ಲ. ಈಗಿನ ಜೋಡಿಯನ್ನು ಮೊನ್ನೆ ಮಳೆ ನಿಂತ ಮೇಲೆ ಮತ್ತೆ ಮಷಿನ್ನಿಗೆ ಒತ್ತಿ ನೋಡಿದೆ, ಎರಡೂ 20 ಕಿಲೋ ಬಿಟ್ಟು ಇಳಿದಿಲ್ಲ. ಸ್ಟ್ರಟ್‌ನ ರಾಡಿಗೆ ಗ್ರೀಸ್ ಹಚ್ಚಿಲ್ಲ. ಹಚ್ಚಿದರೆ ಧೂಳು ಮೆತ್ತಿಕೊಂಡು ಸೀಲನ್ನು ತಿನ್ನುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. 16 ಕಿಲೋಗಿಂತ ಕೆಳಗಿಳಿದ ದಿನ ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ. ಬಾನೆಟ್ಟಿಗೆ ಊರುವ ಹಳೆಯ ರಾಡನ್ನು ಅದರ ಕ್ಲಿಪ್ಪಿನಲ್ಲೇ ಉಳಿಸಿಕೊಂಡಿದ್ದೇನೆ, ತಲೆ ಒಳಗಿಟ್ಟು ಗಂಟೆಗಟ್ಟಲೆ ಮಾಡುವ ಕೆಲಸಕ್ಕೆ ಈಗಲೂ ಅದನ್ನೇ ಊರುತ್ತೇನೆ.