ಒಬ್ಬರೇ ಆಡುವ ಗೇಮ್‌ನ ಡೇಟಾ ಸೋರಿಕೆ ನಿಲ್ಲಿಸಿದ್ದು ಹೀಗೆ
ಒಬ್ಬರೇ ಆಡುವ ಗೇಮ್. ಆದರೂ ವಿಂಡೋಸ್‌ನ ರಿಸೋರ್ಸ್ ಮಾನಿಟರ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದರೆ, ಅದು ಡೇಟಾ ಹೊರಗೆ ಕಳಿಸುತ್ತಲೇ ಇತ್ತು. ನೆಟ್ ಹೋದರೆ ಮೆನುವಿನಲ್ಲೇ ನಿಂತುಬಿಡುತ್ತಿತ್ತು. ದುಡ್ಡು ಕೊಟ್ಟು ಕೊಂಡದ್ದಕ್ಕೆ ಇದು ಅನ್ಯಾಯ.

ಸೆಟ್ಟಿಂಗ್ಸ್‌ನಲ್ಲಿ ಡೇಟಾ ಹಂಚಿಕೆ ಆಫ್ ಮಾಡಿದೆ; ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಲಾಗಿನ್ ಆಗಿ, ಅಪ್‌ಡೇಟ್ ಮುಗಿಸಿ, ಲಾಂಚರನ್ನು (ಗೇಮ್ ತೆರೆಯುವ ಆ್ಯಪ್) ಆಫ್‌ಲೈನ್ ಮೋಡ್‌ಗೆ ಹಾಕಿದೆ. ಕೊನೆಗೆ ವಿಂಡೋಸ್ ಫೈರ್‌ವಾಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಬೌಂಡ್ ರೂಲ್ಸ್, ನ್ಯೂ ರೂಲ್, ಪ್ರೋಗ್ರಾಮ್ ಆರಿಸಿ, ಗೇಮ್ ಶುರುಮಾಡುವ ಇಎಕ್ಸ್‌ಇ ಫೈಲ್ ತೋರಿಸಿ ಬ್ಲಾಕ್ ಕೊಟ್ಟೆ. ಇನ್‌ಬೌಂಡ್ ಅಲ್ಲ, ಔಟ್‌ಬೌಂಡ್! ಹೊರಹೋಗುವುದನ್ನು ವಿಂಡೋಸ್ ತಾನಾಗಿ ತಡೆಯುವುದಿಲ್ಲ. ಈಗ ಆ ಟ್ಯಾಬ್‌ನಲ್ಲಿ ಗೇಮ್‌ನ ಹೆಸರೇ ಇಲ್ಲ, ಆಟ ಸರಾಗ. ಆಟದ ಪ್ರಗತಿಯನ್ನು ನೆಟ್‌ನಲ್ಲಿ ಉಳಿಸುವ ಕ್ಲೌಡ್ ಸೇವ್ ಇರದು, ಹಾಗಾಗಿ ಸೇವ್ ಫೋಲ್ಡರ್ ಕಾಪಿ ಮಾಡಿಟ್ಟುಕೊಳ್ಳಿ.

ಸರ್ವರ್ ಇಲ್ಲದೆ ತೆರೆಯದ ಗೇಮ್‌ಗಳಿಗೆ ಇದು ನಡೆಯದು. 2024ರಲ್ಲಿ ಸರ್ವರ್ ಮುಚ್ಚಿದಾಗ ‘ದಿ ಕ್ರೂ’ ಎಂಬ ಕಾರ್ ರೇಸಿಂಗ್ ಗೇಮ್ ಒಬ್ಬರೇ ಆಡುವವರಿಗೂ ಸಿಗದಂತಾಯಿತು. ಹಾಗಾಗಿ ನಾನೀಗ ಜಿಒಜಿಯಂಥ, ಡಿಆರ್‌ಎಂ (ಕೊಂಡ ಗೇಮ್‌ನ ಬಳಕೆಗೆ ಹಾಕುವ ಡಿಜಿಟಲ್ ಬೀಗ) ಇಲ್ಲದ ಆನ್‌ಲೈನ್ ಅಂಗಡಿಯಲ್ಲೇ ಮೊದಲು ಹುಡುಕುತ್ತೇನೆ.